ಬೆನ್ನಿನ ಎಂಆರ್‌ಐ ವರದಿ: ಪೆಟ್ಟಿನಿಂದ ಆದದ್ದು ಯಾವುದು, ಮೊದಲೇ ಇದ್ದದ್ದು ಯಾವುದು?

ಬೈಕಿನಿಂದ ಬಿದ್ದಿರಬಹುದು. ಅಡಿಕೆ ಮರದಿಂದ ಜಾರಿರಬಹುದು. ಬಚ್ಚಲಲ್ಲಿ ಕಾಲು ಜಾರಿ ಅಂಡೂರಿ ಬಿದ್ದಿರಬಹುದು. ಬಸ್ಸಿನ ಕೊನೇ ಸೀಟಿನಲ್ಲಿ ಕೂತಿದ್ದಾಗ ಡ್ರೈವರ್ ಹಂಪ್ ಹಾರಿಸಿರಬಹುದು. ಹೇಗೇ ಆಗಿರಲಿ, ಪೆಟ್ಟು ಜೋರಾಗಿದ್ದರೆ ಅಥವಾ ನೋವು ಬಿಡದಿದ್ದರೆ ಡಾಕ್ಟರು ಎಂಆರ್‌ಐ ಬರೆದುಕೊಡುತ್ತಾರೆ.

ಸ್ಕ್ಯಾನಿಂಗ್ ಸೆಂಟರಿನಿಂದ ವರದಿ ಸಂಜೆಯೊಳಗೆ ವಾಟ್ಸ್‌ಆಪ್‌ಗೆ ಬಂದುಬಿಡುತ್ತದೆ. ಡಾಕ್ಟರು ಸಿಗುವುದು ನಾಳೆಯೋ ನಾಡಿದ್ದೋ. ಮಧ್ಯದ ಆ ಹೊತ್ತಿನಲ್ಲಿ ಮನೆಯವರೆಲ್ಲ ಸೇರಿ ಒಂದೊಂದೇ ಪದವನ್ನು ಗೂಗಲ್ ಮಾಡುತ್ತಾರೆ. 'ಡೀಜನರೇಟಿವ್' ಅಂದರೆ ಬೆನ್ನು ಹಾಳಾಗಿದೆ ಅಂತಲಾ? 'ಕಂಪ್ರೆಶನ್' ಅಂದರೆ ಆಪರೇಶನ್ ಬೇಕಾ? ಎರಡು ಪುಟದ ವರದಿಯಲ್ಲಿ ಹತ್ತು ದೋಷ ಬರೆದಿದ್ದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

ಆದರೆ ಆ ಹತ್ತರಲ್ಲಿ ಪೆಟ್ಟಿನಿಂದ ಆದದ್ದು ಒಂದೋ ಎರಡೋ ಇರುತ್ತದೆ. ಕೆಲವೊಮ್ಮೆ ಒಂದೂ ಇರುವುದಿಲ್ಲ. ಉಳಿದದ್ದೆಲ್ಲ ಬೀಳುವ ಮೊದಲೂ ಅಲ್ಲೇ ಇತ್ತು, ಸ್ಕ್ಯಾನ್ ಮಾಡಿರಲಿಲ್ಲ ಅಷ್ಟೇ. ಹೊಸದು ಯಾವುದು, ಹಳೆಯದು ಯಾವುದು ಎಂದು ಬೇರೆ ಮಾಡಿ ನೋಡಲು ಬಂದರೆ ವರದಿ ಅರ್ಧ ಅರ್ಥವಾದಂತೆ.

ಮೊದಲು ಇದನ್ನು ನೋಡಿ

ಕೆಲವು ಲಕ್ಷಣಗಳಿದ್ದರೆ ವರದಿ ಓದುತ್ತ ಕೂರುವ ಹಾಗಿಲ್ಲ. ಮೂತ್ರ ಬರುತ್ತಿಲ್ಲ, ಅಥವಾ ಗೊತ್ತೇ ಆಗದೆ ಹೋಗುತ್ತಿದೆ. ಮಲದ ಮೇಲೆ ಹಿಡಿತ ತಪ್ಪಿದೆ. ಕೂತಾಗ ಸೀಟಿಗೆ ತಾಗುವ ಜಾಗ, ಗುಪ್ತಾಂಗದ ಸುತ್ತಮುತ್ತ ಮರಗಟ್ಟಿದೆ. ಎರಡೂ ಕಾಲುಗಳಲ್ಲಿ ಶಕ್ತಿ ಕುಗ್ಗುತ್ತಿದೆ, ಅಥವಾ ಒಂದು ಪಾದ ಮೇಲಕ್ಕೆ ಎತ್ತಲು ಬರುತ್ತಿಲ್ಲ. ಇವುಗಳಲ್ಲಿ ಯಾವುದು ಇದ್ದರೂ ಅದು ತುರ್ತು. ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು. ನರಗಳ ಗೊಂಚಲು ಜೋರಾಗಿ ಒತ್ತಿಹೋಗಿದ್ದರೆ ಒತ್ತಡ ಬೇಗ ಬಿಡಿಸಿದಷ್ಟೂ ಒಳ್ಳೆಯದು.

ಈಗಷ್ಟೇ ಬಿದ್ದವರ ವಿಷಯದಲ್ಲಿ ಇನ್ನೊಂದು ಮಾತು. ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಕೂರಿಸುವುದು ನಮ್ಮಲ್ಲಿ ತೀರಾ ಸಾಮಾನ್ಯ. ಬೆನ್ನು ಅಥವಾ ಕುತ್ತಿಗೆಗೆ ಪೆಟ್ಟಾದ ಅನುಮಾನವಿದ್ದರೆ ಹಾಗೆ ಮಾಡಬೇಡಿ. 108ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಅಲುಗಾಡದ ಹಾಗೆ ನೋಡಿಕೊಳ್ಳಿ.

ಬೆನ್ನಿನೊಳಗೆ ಏನೇನಿದೆ

ಬೆನ್ನುಮೂಳೆ ಒಂದೇ ಉದ್ದ ಮೂಳೆಯಲ್ಲ. ಒಂದರ ಮೇಲೊಂದು ಕೂತ ಚಿಕ್ಕ ಚಿಕ್ಕ ಮೂಳೆಗಳ ಸಾಲು. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಅದರ ಕೆಳಗೆ ಒಂದಕ್ಕೊಂದು ಕೂಡಿಕೊಂಡಿರುವ 5 ಮೂಳೆಗಳ ತ್ರಿಕೋನ, ಕೊನೆಗೆ ಬಾಲದ ಮೂಳೆ. ವರದಿಯಲ್ಲಿ ಕುತ್ತಿಗೆಯವಕ್ಕೆ ಸಿ, ಎದೆಯವಕ್ಕೆ ಡಿ ಅಥವಾ ಟಿ, ಸೊಂಟದವಕ್ಕೆ ಎಲ್, ತ್ರಿಕೋನದವಕ್ಕೆ ಎಸ್ ಎಂಬ ಅಕ್ಷರ. ಜೊತೆಗೆ ಮೇಲಿನಿಂದ ಕೆಳಕ್ಕೆ ನಂಬರ್. ಎಲ್1 ಎಂದರೆ ಸೊಂಟದ ಮೊದಲ ಮೂಳೆ. ಎಲ್4-ಎಲ್5 ಎಂದರೆ ಆ ಎರಡು ಮೂಳೆಗಳ ನಡುವಿನ ಜಾಗ, ಅಂದರೆ ಅಲ್ಲಿರುವ ಡಿಸ್ಕ್.

ಡಿಸ್ಕ್ ಹೇಗಿದೆ ಎಂದು ತಿಳಿಯಲು ಕಡುಬನ್ನು ನೆನಪಿಸಿಕೊಳ್ಳಿ. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತಗಿನ ಹೂರಣ. ಡಿಸ್ಕ್‌ನ ಹೊರಪದರ ನಾರುನಾರಾಗಿ ಬಿಗಿಯಾಗಿರುತ್ತದೆ. ಒಳಗಿನದು ನೀರಿನಂಶ ಜಾಸ್ತಿ ಇರುವ ಲೋಳೆಯಂಥ ವಸ್ತು. ಕಡುಬು ಒತ್ತಿ ಸುತ್ತಲೂ ಅಗಲವಾದರೆ ಅದು 'ಬಲ್ಜ್'. ಒಂದೇ ಕಡೆ ಹೂರಣ ತಳ್ಳಿ ಕಣಕ ಉಬ್ಬಿದರೆ 'ಪ್ರೊಟ್ರೂಶನ್'. ಕಣಕ ಒಡೆದು ಹೂರಣ ಹೊರಗೆ ಬಂದರೆ 'ಎಕ್ಸ್‌ಟ್ರೂಶನ್'. ಹೊರಬಂದದ್ದು ಕಡುಬಿನಿಂದ ಕಳಚಿ ತಟ್ಟೆಯಲ್ಲಿ ಬೇರೆ ಬಿದ್ದರೆ 'ಸೀಕ್ವೆಸ್ಟ್ರೇಶನ್'. ಜನ ಇವೆಲ್ಲಕ್ಕೂ 'ಡಿಸ್ಕ್ ಜಾರಿದೆ' ಅಂತಲೇ ಹೇಳುತ್ತಾರೆ. ವರದಿಯ ಭಾಷೆಯಲ್ಲಿ ಮೊದಲನೆಯದು ಜಾರುವಿಕೆಯೇ ಅಲ್ಲ. ಕೊನೆಯ ಮೂರನ್ನು ಮಾತ್ರ 'ಹರ್ನಿಯೇಶನ್' ಎನ್ನುತ್ತಾರೆ.

ಡಿಸ್ಕ್ ಮತ್ತು ಮೂಳೆಗಳ ಹಿಂದೆ ಮೇಲಿನಿಂದ ಕೆಳತನಕ ಒಂದು ಕಾಲುವೆ ಇದೆ. ಅದರಲ್ಲಿ ಬೆನ್ನುಹುರಿ ಇಳಿದು ಬರುತ್ತದೆ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಅಂದರೆ, ಬೆನ್ನುಹುರಿ ಸೊಂಟದ ಕೊನೆತನಕ ಬರುವುದಿಲ್ಲ. ದೊಡ್ಡವರಲ್ಲಿ ಎಲ್1, ಎಲ್2 ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ಬಿಡಿಬಿಡಿ ನರಗಳ ಗೊಂಚಲು. ಹಾಗಾಗಿ ಎಲ್4-ಎಲ್5ನಲ್ಲಿ ಡಿಸ್ಕ್ ಉಬ್ಬಿದೆ ಎಂದರೆ ಬೆನ್ನುಹುರಿಗೆ ಏಟಾಗಿದೆ ಎಂದರ್ಥವಲ್ಲ. ಅಲ್ಲಿ ಬೆನ್ನುಹುರಿಯೇ ಇಲ್ಲ.

ಎಂಆರ್‌ಐ ನೋಡುವುದು ಏನನ್ನು?

ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನ್ ಮೂಳೆಯನ್ನು ಚೆನ್ನಾಗಿ ತೋರಿಸುತ್ತವೆ. ಜೋರು ಪೆಟ್ಟಾಗಿ ಬಂದವರಿಗೆ ಮೊದಲು ಅವನ್ನೇ ಮಾಡಿಸುವುದು ಅದಕ್ಕೇ. ಎಂಆರ್‌ಐ ಮುಖ್ಯವಾಗಿ ನೋಡುವುದು ನಮ್ಮ ಮೈಯಲ್ಲಿರುವ ನೀರು ಮತ್ತು ಕೊಬ್ಬಿನೊಳಗಿನ ಜಲಜನಕವನ್ನು. ದೊಡ್ಡ ಅಯಸ್ಕಾಂತದೊಳಗೆ ಮಲಗಿಸಿ, ರೇಡಿಯೋ ತರಂಗ ಬಿಟ್ಟು, ವಾಪಸ್ ಬರುವ ಸಂಕೇತದಿಂದ ಚಿತ್ರ ಕಟ್ಟುತ್ತಾರೆ. ಇದರಲ್ಲಿ ಎಕ್ಸ್‌ರೇ ವಿಕಿರಣ ಇಲ್ಲ. ವರದಿಯ ಮೇಲೆ '1.5 ಟೆಸ್ಲಾ' ಅಥವಾ '3 ಟೆಸ್ಲಾ' ಎಂದು ಬರೆದಿರುವುದು ಆ ಅಯಸ್ಕಾಂತದ ಬಲ.

ಒಂದೇ ಬೆನ್ನನ್ನು ಬೇರೆ ಬೇರೆ ಬಗೆಯಲ್ಲಿ ಚಿತ್ರ ತೆಗೆಯುತ್ತಾರೆ. ಟಿ1 ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ನೀರು ಕಪ್ಪಗೆ. ಟಿ2 ಚಿತ್ರದಲ್ಲಿ ನೀರು ಬೆಳ್ಳಗೆ. ಮೂರನೆಯದು 'ಸ್ಟಿರ್'. ಪೆಟ್ಟಾದವರಿಗೆ ಇದೇ ಬಹಳ ಮುಖ್ಯ.

ಯಾಕೆಂದರೆ, ದೊಡ್ಡವರ ಮೂಳೆಯೊಳಗಿನ ಮಜ್ಜೆಯಲ್ಲಿ ಕೊಬ್ಬು ತುಂಬ ಇರುತ್ತದೆ. ಟಿ2 ಚಿತ್ರದಲ್ಲೂ ಆ ಕೊಬ್ಬು ಸಾಕಷ್ಟು ಬೆಳ್ಳಗೇ ಕಾಣುತ್ತದೆ. ಮೂಳೆಗೆ ಹೊಸದಾಗಿ ಪೆಟ್ಟಾದರೆ ಒಳಗೆ ರಕ್ತ, ನೀರು ಸೇರಿ ಬಾವು ಬರುತ್ತದೆ. ಕೊಬ್ಬಿನ ಬಿಳುಪಿನ ನಡುವೆ ಈ ಬಾವಿನ ಬಿಳುಪು ಸರಿಯಾಗಿ ಗೊತ್ತಾಗುವುದಿಲ್ಲ. ಸ್ಟಿರ್ ಚಿತ್ರದಲ್ಲಿ ಕೊಬ್ಬನ್ನು ಕಪ್ಪು ಮಾಡಿಬಿಡುತ್ತಾರೆ. ಆಗ ನೀರು ಸೇರಿದ ಜಾಗ ಮಾತ್ರ ಹೊಳೆಯುತ್ತದೆ. ಮುರಿದು ಸ್ವಲ್ಪ ದಿನವಾದ ಮೂಳೆ ಇಲ್ಲಿ ಬೆಳ್ಳಗೆ ಕಾಣುತ್ತದೆ. ವರ್ಷಗಳ ಹಿಂದೆ ಕುಗ್ಗಿ ಕೂಡಿಕೊಂಡ ಮೂಳೆ, ಆಕಾರ ಸೊಟ್ಟಗಿದ್ದರೂ, ಪಕ್ಕದ ಮೂಳೆಯ ಬಣ್ಣದಲ್ಲೇ ಇರುತ್ತದೆ.

ವರದಿಯಲ್ಲಿ ಇದು 'ಮ್ಯಾರೋ ಎಡಿಮಾ' ಅಥವಾ 'ಸ್ಟಿರ್ ಹೈಪರ್‌ಇಂಟೆನ್ಸಿಟಿ' ಎಂಬ ಹೆಸರಿನಲ್ಲಿ ಬರುತ್ತದೆ. ಹೈಪರ್ ಅಂದರೆ ಬೆಳ್ಳಗೆ, ಹೈಪೋ ಅಂದರೆ ಕಪ್ಪಗೆ. ಅಷ್ಟೇ.

ಒಂದು ಎಚ್ಚರಿಕೆ ಬೇಕು. ಸ್ಟಿರ್‌ನಲ್ಲಿ ಬೆಳ್ಳಗೆ ಕಂಡದ್ದೆಲ್ಲ ಪೆಟ್ಟೇ ಅಲ್ಲ. ಸೋಂಕು, ಗಡ್ಡೆ, ಡಿಸ್ಕ್ ಸವೆದು ಅಕ್ಕಪಕ್ಕದ ಮೂಳೆ ಕೆರಳಿದ್ದು, ಇವೂ ಹಾಗೇ ಕಾಣುತ್ತವೆ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪದ್ದೇನಲ್ಲ. ಕೆಲವರಿಗೆ ಅದು ಗೊತ್ತಾಗುವುದೇ ಬಿದ್ದ ನೆಪದಲ್ಲಿ ಸ್ಕ್ಯಾನ್ ಮಾಡಿಸಿದಾಗ. ಸಂಜೆ ಹೊತ್ತು ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದದ್ದು ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಒಂದು ವರದಿಯನ್ನು ಸಾಲು ಸಾಲಾಗಿ ಓದೋಣ

48 ವರ್ಷದವರೊಬ್ಬರು ಬೈಕಿನಿಂದ ಬಿದ್ದಿದ್ದಾರೆ ಎಂದುಕೊಳ್ಳಿ. ಹತ್ತು ದಿನವಾಗಿದೆ. ಸೊಂಟದ ಮೇಲ್ಭಾಗದಲ್ಲಿ ನೋವು. ಇಂಥವರಿಗೆ ಬರುವ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲುಗಳನ್ನೇ ಜೋಡಿಸಿ ನೋಡೋಣ.

'ಲಾಸ್ ಆಫ್ ಲಂಬಾರ್ ಲಾರ್ಡೋಸಿಸ್.' ನಮ್ಮಲ್ಲಿ ಎಷ್ಟೋ ವರದಿಗಳು ಶುರುವಾಗುವುದೇ ಈ ಸಾಲಿನಿಂದ. ಸೊಂಟದ ಹತ್ತಿರ ಬೆನ್ನು ಒಳಕ್ಕೆ ಬಾಗಿರುತ್ತದೆ. ಆ ಬಾಗು ಕಡಿಮೆಯಾಗಿ ನೇರವಾಗಿದೆ ಎಂದರ್ಥ. ನೋವಿಗೆ ಸ್ನಾಯು ಬಿಗಿದುಕೊಂಡರೆ ಹೀಗಾಗುತ್ತದೆ. ಮಂಡಿ ಕೆಳಗೆ ದಿಂಬಿಟ್ಟು ಮಲಗಿಸಿದರೂ ಸ್ವಲ್ಪ ಹೀಗೇ ಕಾಣುತ್ತದೆ. ಈ ಸಾಲಿಗೆ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

'ಎಲ್1 ಆಂಟೀರಿಯರ್ ವೆಡ್ಜ್ ಕಂಪ್ರೆಶನ್ ಫ್ರಾಕ್ಚರ್, ವಿತ್ ಮ್ಯಾರೋ ಎಡಿಮಾ.' ಇದು ಹೊಸದು. ಇಡೀ ವರದಿಯಲ್ಲಿ ಪೆಟ್ಟಿಗೆ ಸಂಬಂಧಪಟ್ಟ ಸಾಲು ಇದೇ. ಎಲ್1 ಮೂಳೆಯ ಮುಂಭಾಗ ಕುಗ್ಗಿ ಬೆಣೆಯ ಆಕಾರಕ್ಕೆ ಬಂದಿದೆ. ಒಳಗೆ ಬಾವು ಇರುವುದರಿಂದ ಇತ್ತೀಚಿನದು. ಡಿ12, ಎಲ್1 ಮೂಳೆಗಳೇ ಹೀಗೆ ಜಾಸ್ತಿ ಮುರಿಯುವುದಕ್ಕೆ ಕಾರಣವಿದೆ. ಮೇಲಿನ ಭಾಗವನ್ನು ಪಕ್ಕೆಲುಬುಗಳು ಹಿಡಿದಿಟ್ಟಿರುತ್ತವೆ, ಅದು ಅಷ್ಟಾಗಿ ಬಾಗುವುದಿಲ್ಲ. ಕೆಳಗಿನ ಸೊಂಟ ಸಲೀಸಾಗಿ ಬಾಗುತ್ತದೆ. ಬೀಳುವಾಗ ಬಲವೆಲ್ಲ ಇವೆರಡೂ ಸೇರುವ ಜಾಗಕ್ಕೆ ಬೀಳುತ್ತದೆ. 'ಕಂಪ್ರೆಶನ್ ಫ್ರಾಕ್ಚರ್' ಎಂದರೆ ಮೂಳೆ ಕುಗ್ಗಿದೆ ಎಂದು. ನರ ಒತ್ತಿದೆ ಎಂದಲ್ಲ.

'ನೋ ರೆಟ್ರೋಪಲ್ಶನ್. ಪೋಸ್ಟೀರಿಯರ್ ಲಿಗಮೆಂಟಸ್ ಕಾಂಪ್ಲೆಕ್ಸ್ ಇಂಟ್ಯಾಕ್ಟ್.' ಓದುವವರು ಹಾರಿಸಿಬಿಡುವ ಸಾಲು. ಆದರೆ ಡಾಕ್ಟರು ಮೊದಲು ಹುಡುಕುವುದು ಇದನ್ನೇ. ಮುರಿದ ಮೂಳೆಯ ಚೂರು ಹಿಂದಕ್ಕೆ, ಅಂದರೆ ನರಗಳ ಕಾಲುವೆಯ ಕಡೆಗೆ ತಳ್ಳಿಕೊಂಡು ಬಂದಿಲ್ಲ. ಮೂಳೆಗಳನ್ನು ಹಿಂದಿನಿಂದ ಬಿಗಿದು ಹಿಡಿದಿರುವ ಲಿಗಮೆಂಟುಗಳು ಹರಿದಿಲ್ಲ. ಮೂಳೆ ಮುರಿದಿದ್ದರೂ ಬೆನ್ನು ಭದ್ರವಾಗಿ ನಿಂತಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬಹುಪಾಲು ಇಲ್ಲಿ. ಬೆಲ್ಟ್ ಹಾಕಿ ವಿಶ್ರಾಂತಿ ಸಾಕಾ, ರಾಡ್ ಮತ್ತು ಸ್ಕ್ರೂ ಬೇಕಾ ಎಂಬ ತೀರ್ಮಾನದಲ್ಲಿ ಈ ಸಾಲಿಗೆ ದೊಡ್ಡ ಪಾತ್ರವಿದೆ. ಲಿಗಮೆಂಟು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಪೆಟ್ಟಾದವರಿಗೆ ಸಿಟಿ ಆದ ಮೇಲೂ ಎಂಆರ್‌ಐ ಹೇಳುವುದಕ್ಕೆ ಇದೊಂದು ಮುಖ್ಯ ಕಾರಣ.

'ಕಾರ್ಡ್ ಅಂಡ್ ಕಾನಸ್ ಶೋ ನಾರ್ಮಲ್ ಸಿಗ್ನಲ್.' ಒಳ್ಳೆಯ ಸುದ್ದಿ. ಬೆನ್ನುಹುರಿಯಲ್ಲಾಗಲಿ, 'ಕಾನಸ್' ಎನ್ನುವ ಅದರ ಕೆಳತುದಿಯಲ್ಲಾಗಲಿ ಬಾವು, ರಕ್ತಸ್ರಾವ ಇಲ್ಲ. ಅದೇ 'ಕಾರ್ಡ್ ಎಡಿಮಾ' ಎಂದೋ 'ಕಾರ್ಡ್ ಹೆಮರೇಜ್' ಎಂದೋ ಇದ್ದಿದ್ದರೆ ಮಾತೇ ಬೇರೆ. ಬೆನ್ನುಹುರಿಯೊಳಗೆ ಬರೀ ಬಾವು ಇದ್ದರೆ ಚೇತರಿಕೆಯ ನಿರೀಕ್ಷೆ ಹೆಚ್ಚು, ರಕ್ತಸ್ರಾವವಾಗಿದ್ದರೆ ಕಡಿಮೆ.

'ಎಲ್3-4, ಎಲ್4-5 ಡಿಸ್ಕ್ ಡೆಸಿಕೇಶನ್.' ಡಿಸ್ಕ್‌ನಲ್ಲಿ ನೀರಿನಂಶ ಕಡಿಮೆಯಾಗಿ ಟಿ2 ಚಿತ್ರದಲ್ಲಿ ಕಪ್ಪಾಗಿ ಕಾಣುತ್ತಿದೆ. ಹತ್ತು ದಿನದಲ್ಲಿ ಡಿಸ್ಕ್ ಒಣಗುವುದಿಲ್ಲ. ಇದು ಹಳೆಯದು.

'ಎಲ್4-5 ಡಿಫ್ಯೂಸ್ ಡಿಸ್ಕ್ ಬಲ್ಜ್, ಇಂಡೆಂಟಿಂಗ್ ದ ಥೀಕಲ್ ಸ್ಯಾಕ್.' ಡಿಸ್ಕ್ ಸುತ್ತಲೂ ಸ್ವಲ್ಪ ಅಗಲವಾಗಿ, ನರಗಳನ್ನು ಸುತ್ತಿರುವ ನೀರಿನ ಚೀಲವನ್ನು ಸ್ವಲ್ಪ ಒತ್ತಿದೆ. ಒತ್ತಿದ್ದು ಚೀಲವನ್ನು, ನರವನ್ನಲ್ಲ. ಪಕ್ಕದಲ್ಲೇ ಡೆಸಿಕೇಶನ್ ಇರುವುದರಿಂದ ಇದೂ ಬಹುತೇಕ ಹಳೆಯದೇ.

'ಎಲ್5-ಎಸ್1 ಲೆಫ್ಟ್ ಪ್ಯಾರಾಸೆಂಟ್ರಲ್ ಪ್ರೊಟ್ರೂಶನ್, ಅಬಟ್ಟಿಂಗ್ ಲೆಫ್ಟ್ ಎಸ್1 ನರ್ವ್ ರೂಟ್.' ಡಿಸ್ಕ್ ನಡುವಿನಿಂದ ಸ್ವಲ್ಪ ಎಡಕ್ಕೆ ಉಬ್ಬಿ, ಎಡಗಡೆಯ ಎಸ್1 ನರದ ಬುಡಕ್ಕೆ ತಾಗಿದೆ. ಇಲ್ಲಿ ಮಾತ್ರ ಹೊಸದಾ ಹಳೆಯದಾ ಎಂದು ಚಿತ್ರ ನೋಡಿ ಖಚಿತವಾಗಿ ಹೇಳುವುದು ಕಷ್ಟ. ಮುರಿದ ಮೂಳೆಗೆ ಬಾವಿನ ಗುರುತು ಇರುತ್ತದೆ, ಜಾರಿದ ಡಿಸ್ಕ್‌ಗೆ ಅಷ್ಟು ಸ್ಪಷ್ಟ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಸ್ಕ್ಯಾನ್ ಇದ್ದರೆ ಹೋಲಿಸಬಹುದು. ಇಲ್ಲದಿದ್ದರೆ ಎಡಗಾಲನ್ನು ಕೇಳಬೇಕು. ಆ ವಿಷಯ ಮುಂದೆ ಬರುತ್ತದೆ.

'ಡಿ11 ಶ್ಮಾರ್ಲ್ಸ್ ನೋಡ್. ಡಿ9 ಹೀಮ್ಯಾಂಜಿಯೋಮಾ.' ಹೆಸರು ಕೇಳಿದರೆ ಕ್ಯಾನ್ಸರ್ ಇರಬಹುದಾ ಅನ್ನಿಸುತ್ತದೆ. ಮೊದಲನೆಯದು ಡಿಸ್ಕ್‌ನ ಒಳಭಾಗ ಪಕ್ಕದ ಮೂಳೆಯ ಮೇಲ್ಮೈಯಲ್ಲಿ ಚಿಕ್ಕ ಕುಳಿ ಮಾಡಿಕೊಂಡಿರುವುದು. ಎರಡನೆಯದು ಮೂಳೆಯೊಳಗೆ ರಕ್ತನಾಳಗಳು ಗುಂಪುಗೂಡಿ ಆದ ನಿರುಪದ್ರವಿ ಗಂಟು. ಸುಮಾರು ಹತ್ತು ಜನರಲ್ಲಿ ಒಬ್ಬರ ಬೆನ್ನಿನಲ್ಲಿ ಇದು ಇರುತ್ತದೆ, ಹೆಚ್ಚಿನವರಿಗೆ ಸಾಯುವ ತನಕ ಗೊತ್ತೇ ಆಗುವುದಿಲ್ಲ.

ಹೀಗೆ ಎಂಟು ಸಾಲಿನ ವರದಿಯಲ್ಲಿ ಬೈಕಿನಿಂದ ಬಿದ್ದದ್ದರ ಖಚಿತ ಗುರುತು ಎಲ್1 ಒಂದೇ. ಆದರೆ ಎಷ್ಟೋ ಸಲ ಮನೆಯವರಿಗೆ ನೆನಪಿನಲ್ಲಿ ಉಳಿಯುವುದು 'ಡಿಸ್ಕ್ ಮೂರು ಕಡೆ ಹೋಗಿದೆಯಂತೆ' ಎಂಬುದು.

ವಯಸ್ಸಾದ ಹೆಂಗಸರ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಬಸ್ಸು ಎಗರಿದ್ದಕ್ಕೇ, ಅಥವಾ ನೀರಿನ ಕೊಡ ಎತ್ತಿದ್ದಕ್ಕೇ ಮೂಳೆ ಹೀಗೆ ಕುಗ್ಗಿದ್ದರೆ ಪೆಟ್ಟು ದೊಡ್ಡದಿರಲಿಲ್ಲ, ಮೂಳೆ ತೆಳ್ಳಗಾಗಿತ್ತು ಎಂದರ್ಥ. ಮುಟ್ಟು ನಿಂತ ಮೇಲೆ ಮೂಳೆ ಸವೆತ ಜೋರಾಗುತ್ತದೆ. ಇಂಥವರಿಗೆ ಡೆಕ್ಸಾ ಎಂಬ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ ಆ ಸವೆತಕ್ಕೂ ಔಷಧಿ ಶುರು ಮಾಡದಿದ್ದರೆ ಪಕ್ಕದ ಮೂಳೆಯೂ ಕುಗ್ಗಬಹುದು. ಅವರ ಎಂಆರ್‌ಐಯಲ್ಲಿ ಬಾವಿಲ್ಲದ ಹಳೆಯ ಮುರಿತಗಳೂ ಕಾಣುವುದುಂಟು. ಆಗ 'ಹಿಂದೊಮ್ಮೆ ತಿಂಗಳುಗಟ್ಟಲೆ ಬೆನ್ನು ನೋಯುತ್ತಿತ್ತಲ್ಲ' ಎಂದು ಮನೆಯವರಿಗೆ ನೆನಪಾಗುತ್ತದೆ.

ನೋವೇ ಇಲ್ಲದವರ ಬೆನ್ನಿನಲ್ಲೂ ಇವೆಲ್ಲ ಇವೆ

ಬಲ್ಜು, ಡೆಸಿಕೇಶನ್ನು ಹಳೆಯವು ಎಂದು ಇಷ್ಟು ಧೈರ್ಯವಾಗಿ ಹೇಳುವುದು ಹೇಗೆ? ಬೆನ್ನುನೋವೇ ಇಲ್ಲದವರನ್ನು ಕರೆದು ಸ್ಕ್ಯಾನ್ ಮಾಡಿ ನೋಡಿದ್ದಾರೆ.

1994ರಲ್ಲಿ ಅಮೆರಿಕದಲ್ಲಿ ಇಂಥ 98 ಜನರ ಸೊಂಟದ ಎಂಆರ್‌ಐ ಮಾಡಿದರು. 52 ಶೇಕಡ ಜನರಿಗೆ ಕಡೇ ಪಕ್ಷ ಒಂದು ಡಿಸ್ಕ್ ಬಲ್ಜ್ ಆಗಿತ್ತು. 27 ಶೇಕಡ ಜನರಿಗೆ ಪ್ರೊಟ್ರೂಶನ್ ಇತ್ತು. ಎಕ್ಸ್‌ಟ್ರೂಶನ್ ಇದ್ದದ್ದು ಕೇವಲ 1 ಶೇಕಡ. ಈ ಕೊನೇ ಅಂಕಿ ಗಮನಿಸಬೇಕಾದದ್ದು. ಬಲ್ಜ್ ಅರ್ಧಕ್ಕರ್ಧ ಜನರಲ್ಲಿ ಸಿಗುತ್ತದೆ, ಎಕ್ಸ್‌ಟ್ರೂಶನ್ ಹಾಗಲ್ಲ. ವರದಿಯಲ್ಲಿ ಎಕ್ಸ್‌ಟ್ರೂಶನ್ ಎಂದಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಬಿಡುವಂತಿಲ್ಲ.

2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ನೋವಿಲ್ಲದ 3,110 ಜನ. ಡಿಸ್ಕ್ ಸವೆತ 20ರ ವಯಸ್ಸಿನವರಲ್ಲಿ 37 ಶೇಕಡ ಇದ್ದದ್ದು 80ರ ವಯಸ್ಸಿಗೆ 96 ಶೇಕಡ ಆಗಿತ್ತು. ಬಲ್ಜ್ 30ರಿಂದ 84 ಶೇಕಡಕ್ಕೆ ಏರಿತ್ತು. 'ಡೀಜನರೇಟಿವ್', ಅಂದರೆ ಸವೆತದ್ದು, ಎಂಬ ಪದಕ್ಕೆ ಹೆದರುವ ಮುಂಚೆ ಈ ಅಂಕಿಗಳನ್ನು ನೆನೆಸಿಕೊಳ್ಳಿ. 20ರ ಹುಡುಗರಲ್ಲೇ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ!

ವರದಿ ಬರೆಯುವವರ ನಡುವೆಯೂ ವ್ಯತ್ಯಾಸ ಇರುತ್ತದೆ. ಅಮೆರಿಕದಲ್ಲಿ ಸೊಂಟ, ಕಾಲು ನೋವಿದ್ದ 63 ವರ್ಷದ ಒಬ್ಬ ಮಹಿಳೆಯನ್ನು ಮೂರು ವಾರದೊಳಗೆ 10 ಕೇಂದ್ರಗಳಿಗೆ ಕಳಿಸಿ ಎಂಆರ್‌ಐ ಮಾಡಿಸಿದರು. 2017ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹತ್ತು ವರದಿ ಸೇರಿ 49 ಬೇರೆ ಬೇರೆ ದೋಷಗಳನ್ನು ಬರೆದಿದ್ದರು. ಹತ್ತೂ ವರದಿಗಳಲ್ಲಿ ಬಂದ ದೋಷ ಒಂದೂ ಇರಲಿಲ್ಲ. ಸುಮಾರು ಮೂರನೇ ಒಂದು ಪಾಲು ದೋಷಗಳು ಯಾವುದೋ ಒಂದು ವರದಿಯಲ್ಲಿ ಮಾತ್ರ ಇದ್ದವು. ಬೆನ್ನು ಒಂದೇ, ವರದಿ ಹತ್ತು ಥರ. ಇದರರ್ಥ ವರದಿ ಸುಳ್ಳು ಎಂದಲ್ಲ. ಸಣ್ಣಪುಟ್ಟ ಸವೆತಕ್ಕೆ ಒಬ್ಬರು 'ಮೈಲ್ಡ್' ಎಂದರೆ ಇನ್ನೊಬ್ಬರು 'ಮಾಡರೇಟ್' ಎನ್ನುತ್ತಾರೆ, ಮತ್ತೊಬ್ಬರು ಬರೆಯುವುದೇ ಇಲ್ಲ.

ಚಿತ್ರಕ್ಕೂ ಕಾಲಿಗೂ ತಾಳೆಯಾಗಬೇಕು

ವರದಿಯ ಕೊನೆಯಲ್ಲಿ 'ಕ್ಲಿನಿಕಲ್ ಕೋರಿಲೇಶನ್' ಎಂದು ಬರೆದಿರುತ್ತಾರೆ. ರೋಗಿಯ ನೋವು, ಶಕ್ತಿ, ಸ್ಪರ್ಶ ಪರೀಕ್ಷೆ ಮಾಡಿ ಈ ಚಿತ್ರಕ್ಕೆ ಹೊಂದಿಸಿ ನೋಡಿ ಎಂದು ಡಾಕ್ಟರಿಗೆ ಹೇಳುವ ಮಾತು ಅದು. ರೇಡಿಯಾಲಜಿಸ್ಟ್ ನೋಡಿರುವುದು ಚಿತ್ರವನ್ನು. ನಿಮ್ಮನ್ನಲ್ಲ.

ಹೊಂದಿಸುವುದು ಹೇಗೆ? ಸೊಂಟದಿಂದ ಹೊರಡುವ ಒಂದೊಂದು ನರಕ್ಕೂ ಕಾಲಿನಲ್ಲಿ ಅದರದೇ ಜಾಗ ಇದೆ. ಎಲ್4 ನರ ತೊಡೆಯ ಮುಂಭಾಗದಿಂದ ಮೊಣಕಾಲು ದಾಟಿ ಕಾಲಿನ ಒಳಬದಿಗೆ ಬರುತ್ತದೆ. ಎಲ್5 ನರ ಕಾಲಿನ ಹೊರಬದಿಯಿಂದ ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ. ಎಸ್1 ನರ ತೊಡೆಯ ಹಿಂಭಾಗ, ಮೀನಖಂಡದ ಮೇಲೆ ಇಳಿದು ಪಾದದ ಹೊರಅಂಚಿಗೆ, ಕಿರುಬೆರಳಿಗೆ. ಡಾಕ್ಟರು ಹಿಮ್ಮಡಿ ಮೇಲೆ ನಡೆಯಲು ಹೇಳುವುದು ಎಲ್5 ನೋಡಲು. ತುದಿಗಾಲಲ್ಲಿ ನಡೆಯಲು ಹೇಳುವುದು ಎಸ್1 ನೋಡಲು. ಹಿಮ್ಮಡಿ ಹಿಂದೆ ಸುತ್ತಿಗೆಯಿಂದ ತಟ್ಟುವುದೂ ಎಸ್1ಗೇ.

ಎಲ್5 ನರದ ಶಕ್ತಿ ಕಡಿಮೆಯಾದವರು ಹೇಳುವ ಒಂದು ಮಾತಿದೆ: 'ನಡೆಯುವಾಗ ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಹೋಗುತ್ತೆ ಡಾಕ್ಟ್ರೇ, ಗೊತ್ತೇ ಆಗಲ್ಲ.' ಪಾದ ಮತ್ತು ಬೆರಳು ಎತ್ತುವ ಶಕ್ತಿ, ಸ್ಪರ್ಶ ಎರಡೂ ಕಡಿಮೆಯಾದಾಗ ಹೀಗಾಗುತ್ತದೆ. ನಿಮಗೂ ಹೀಗಾಗುತ್ತಿದ್ದರೆ ಕೇಳುವ ಮೊದಲೇ ಹೇಳಿ.

ಇನ್ನೊಂದು ಗೊಂದಲ ಇದೆ. ಎಲ್4-ಎಲ್5 ಡಿಸ್ಕ್ ಜಾರಿದರೆ ಎಲ್4 ನರ ಒತ್ತಬೇಕಲ್ವಾ? ಸಾಮಾನ್ಯವಾಗಿ ಹಾಗಲ್ಲ. ಎಲ್4 ನರ ಡಿಸ್ಕ್‌ಗಿಂತ ಮೇಲೆಯೇ ಪಕ್ಕದ ಕಿಂಡಿಯಿಂದ ಹೊರಟುಹೋಗಿರುತ್ತದೆ. ಡಿಸ್ಕ್ ಎದುರು ಸಿಗುವುದು ಕೆಳಗೆ ಇಳಿಯುತ್ತಿರುವ ಎಲ್5. ವರದಿಯಲ್ಲಿ ಇದನ್ನು 'ಟ್ರಾವರ್ಸಿಂಗ್' ನರ ಎನ್ನುತ್ತಾರೆ. ಡಿಸ್ಕ್ ತೀರಾ ಪಕ್ಕಕ್ಕೆ, ಕಿಂಡಿಯೊಳಗೇ ಜಾರಿದರೆ ಮಾತ್ರ ಎಲ್4 ಸಿಕ್ಕಿಕೊಳ್ಳುತ್ತದೆ. ಅದು 'ಎಕ್ಸಿಟಿಂಗ್' ನರ.

ಈಗ ನಮ್ಮ 48ರ ವ್ಯಕ್ತಿಗೆ ಬರೋಣ. ಅವರ ಎಡಗಾಲಿನ ಹಿಂಭಾಗದಲ್ಲಿ ಮೀನಖಂಡದವರೆಗೆ ಸೆಳೆತ ಇದ್ದು, ಎಡ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ, ಎಡ ಎಸ್1 ಸಾಲಿಗೆ ಅರ್ಥ ಬರುತ್ತದೆ. ಕಾಲಿನಲ್ಲಿ ಏನೂ ತೊಂದರೆ ಇಲ್ಲದೆ ಬರೀ ಬೆನ್ನು ನೋಯುತ್ತಿದ್ದರೆ ಆ ಸಾಲನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದು. ಬಲಗಾಲು ನೋಯುತ್ತಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ನರದ ವಿಷಯದಲ್ಲಿ ಬಳಸುವ ಕ್ರಿಯಾಪದವನ್ನೂ ನೋಡಿ. 'ಅಬಟ್ಟಿಂಗ್' ಎಂದರೆ ತಾಗಿದೆ ಅಷ್ಟೇ. 'ಡಿಸ್‌ಪ್ಲೇಸಿಂಗ್' ಎಂದರೆ ಪಕ್ಕಕ್ಕೆ ಸರಿಸಿದೆ. 'ಕಂಪ್ರೆಸಿಂಗ್' ಎಂದರೆ ಒತ್ತಿದೆ. ಮೂರಕ್ಕೂ ವ್ಯತ್ಯಾಸ ಇದೆ. ಕಾಲುವೆಯ ಅಳತೆಯನ್ನು ಮಿಲಿಮೀಟರಿನಲ್ಲಿ ಕೊಟ್ಟಿದ್ದರೆ, ಸೊಂಟದಲ್ಲಿ 10 ಮಿ.ಮೀ.ಗಿಂತ ಕಡಿಮೆ ಇದ್ದರೆ ಕಿರಿದು ಎಂದು ಸಾಮಾನ್ಯ ಲೆಕ್ಕ. ಅಳತೆ ಕಡಿಮೆ ಇದ್ದೂ ಆರಾಮವಾಗಿ ಓಡಾಡುವವರೂ ಇದ್ದಾರೆ.

ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ನೋಡುವವರಿಗೆ ಒಂದು ಸೂಚನೆ: ಅಡ್ಡ ಸೀಳಿದ ಚಿತ್ರಗಳಲ್ಲಿ ನಿಮ್ಮ ಎಡಭಾಗ ಚಿತ್ರದ ಬಲಕ್ಕಿರುತ್ತದೆ. 'ನನಗೆ ನೋವು ಎಡಕ್ಕೆ, ಡಿಸ್ಕ್ ಜಾರಿರೋದು ಬಲಕ್ಕೆ' ಎಂಬ ಜಗಳ ಶುರುವಾಗುವುದು ಇಲ್ಲಿಂದಲೇ.

ಜಾರಿದ ಡಿಸ್ಕ್ ಕರಗುತ್ತದೆಯಾ?

ತುಂಬ ಸಲ ಕರಗುತ್ತದೆ. ಅದರಲ್ಲೂ ಕೆಟ್ಟದಾಗಿ ಜಾರಿದ್ದೇ ಹೆಚ್ಚು ಕರಗುತ್ತದೆ. 2015ರ ಇನ್ನೊಂದು ವಿಮರ್ಶೆಯ ಪ್ರಕಾರ ಆಪರೇಶನ್ ಇಲ್ಲದೆ ತಾನಾಗಿಯೇ ಕುಗ್ಗಿದ್ದು ಹೀಗಿದೆ: ಕಳಚಿ ಬಿದ್ದ ಚೂರುಗಳಲ್ಲಿ 96 ಶೇಕಡ, ಎಕ್ಸ್‌ಟ್ರೂಶನ್‌ನಲ್ಲಿ 70, ಪ್ರೊಟ್ರೂಶನ್‌ನಲ್ಲಿ 41, ಬಲ್ಜ್‌ನಲ್ಲಿ ಬರೀ 13. ಹೊರಪದರ ಒಡೆದು ಹೊರಬಂದದ್ದನ್ನು ಮೈ ಹೊರಗಿನ ವಸ್ತು ಎಂದು ಗುರುತಿಸುತ್ತದೆ. ಹೊಸ ರಕ್ತನಾಳ ಬೆಳೆಸಿ, ರಕ್ಷಣಾ ಕಣಗಳನ್ನು ಕಳಿಸಿ ಅದನ್ನು ನಿಧಾನಕ್ಕೆ ತಿಂದುಹಾಕುತ್ತದೆ. ಒಳಗೇ ಉಳಿದ ಬಲ್ಜ್‌ಗೆ ಆ ಭಾಗ್ಯ ಇಲ್ಲ.

ಇದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಕಾಲಿನ ಶಕ್ತಿ ಸರಿಯಿದ್ದು ನೋವು ಮಾತ್ರ ಇದ್ದವರಿಗೆ ಡಾಕ್ಟರು 'ಕಾದು ನೋಡೋಣ' ಎನ್ನುವುದು ಇದೇ ಲೆಕ್ಕದ ಮೇಲೆ. ಶಕ್ತಿ ಇಳಿಯುತ್ತಿದ್ದರೆ ಕಾಯುವ ಮಾತಿಲ್ಲ.

ವರದಿ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ಇದೂ ಆಗುತ್ತದೆ. ಸ್ನಾಯು ಉಳುಕಿದ್ದು, ಮೂಳೆಗಳ ಹಿಂದಿನ ಚಿಕ್ಕ ಕೀಲುಗಳಿಗೆ ಏಟಾದದ್ದು ಎಂಆರ್‌ಐಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಚಿತ್ರಕ್ಕೆ ಸಿಗದ್ದಕ್ಕೆ ನೋವು ಸುಳ್ಳಾಗುವುದಿಲ್ಲ. ಸ್ಕ್ಯಾನ್ ಮಾಡುವಾಗ ಮಲಗಿರುತ್ತೀರಿ, ನೋವು ಬರುವುದು ನಿಂತಾಗ, ಬಗ್ಗಿದಾಗ. ಕೆಲವೊಮ್ಮೆ ಡಾಕ್ಟರು ಬಗ್ಗಿಸಿ ನಿಲ್ಲಿಸಿ ಎಕ್ಸ್‌ರೇ ತೆಗೆಸುವುದು ಅದಕ್ಕೇ.

ಡಾಕ್ಟರ ಹತ್ತಿರ ಹೋಗುವಾಗ

ವರದಿಯ ಜೊತೆ ಫಿಲ್ಮ್ ಅಥವಾ ಸಿಡಿ ತೆಗೆದುಕೊಂಡು ಹೋಗಿ. ಫೋನಿನಲ್ಲಿರುವ ಪಿಡಿಎಫ್ ಸಾಲದು. ಬೆನ್ನಿನ ಸರ್ಜನ್ ಚಿತ್ರವನ್ನು ತಾವೇ ನೋಡುತ್ತಾರೆ. ಕೆಲವರ ಸೊಂಟದಲ್ಲಿ ಐದರ ಬದಲು ನಾಲ್ಕೋ ಆರೋ ಮೂಳೆ ಇದ್ದಂತೆ ಕಾಣುತ್ತದೆ. ಅಂಥವರಲ್ಲಿ ಎಣಿಕೆ ತಪ್ಪುವುದುಂಟು, ಆಪರೇಶನ್ ಅಂತ ಬಂದರೆ ಇದು ಸಣ್ಣ ವಿಷಯವಲ್ಲ. ಐದು ವರ್ಷದ ಹಿಂದಿನ ಸ್ಕ್ಯಾನ್ ಮನೆಯ ಬೀರುವಿನಲ್ಲಿದ್ದರೆ ಅದನ್ನೂ ಒಯ್ಯಿರಿ. ಹಳೆಯದಾ ಹೊಸದಾ ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕೇಳಬೇಕಾದ್ದು ಜಾಸ್ತಿ ಇಲ್ಲ. ಇದರಲ್ಲಿ ಪೆಟ್ಟಿನಿಂದ ಆದದ್ದು ಯಾವುದು? ನನ್ನ ನೋವಿಗೆ ಹೊಂದುವುದು ಯಾವುದು? ಬೆನ್ನು ಭದ್ರವಾಗಿದೆಯಾ, ಬಗ್ಗಬಹುದಾ, ಭಾರ ಎತ್ತಬಹುದಾ? ಯಾವ ಲಕ್ಷಣ ಕಂಡರೆ ತಕ್ಷಣ ವಾಪಸ್ ಬರಬೇಕು?

ಮತ್ತೆ ಎಂಆರ್‌ಐ ಬೇಕಾ ಎಂದರೆ, ನೋವು ಕಡಿಮೆಯಾಗುತ್ತಿದ್ದರೆ ಸಾಮಾನ್ಯವಾಗಿ ಬೇಡ. ಡಿಸ್ಕ್ ಎಷ್ಟು ಕುಗ್ಗಿದೆ ಎಂಬ ಕುತೂಹಲಕ್ಕೆ ಸಾವಿರಾರು ರೂಪಾಯಿ ಕೊಡಬೇಕಾಗಿಲ್ಲ. ಹೊಸ ಲಕ್ಷಣ ಬಂದರೆ, ಶಕ್ತಿ ಕುಗ್ಗಿದರೆ, ಅಥವಾ ಆಪರೇಶನ್ ಯೋಚನೆ ಇದ್ದು ಹಳೆಯ ಸ್ಕ್ಯಾನ್ ಆಗಿ ಹಲವು ತಿಂಗಳಾಗಿದ್ದರೆ ಮಾತ್ರ ಅರ್ಥವಿದೆ. ರಸ್ತೆ ಅಪಘಾತವಾಗಿ ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸು) ಆಗಿದ್ದರೆ ಮೊದಲ ಸ್ಕ್ಯಾನಿನ ಮೂಲ ಪ್ರತಿ, ಫಿಲ್ಮ್, ಸಿಡಿ, ಬಿಲ್ಲು ಎಲ್ಲವನ್ನೂ ಒಂದೇ ಕವರಿನಲ್ಲಿ ಎತ್ತಿಡಿ. ಪರಿಹಾರದ ಕೇಸು ನಡೆಯುವಾಗ 'ಇದು ವಯಸ್ಸಿನ ಸವೆತ' ಎಂಬ ವಾದ ಎದುರಿನವರಿಂದ ಬರಬಹುದು. ಆಗ ಬಿದ್ದ ಕೆಲವೇ ದಿನಗಳಲ್ಲಿ ತೆಗೆದ ಸ್ಟಿರ್ ಚಿತ್ರ ಬೇಕಾಗುತ್ತದೆ. ಮೂಳೆಯ ಬಾವು ತಿಂಗಳುಗಳಲ್ಲಿ ಇಳಿದುಹೋಗುತ್ತದೆ, ಆಮೇಲೆ ತೆಗೆಸಿದರೆ ಆ ಬಿಳುಪು ಸಿಗುವುದಿಲ್ಲ.